ಗಿರಾಕಿ ಡೀಲರನ ಬಾಗಿಲಿಗೆ, ಲೆಕ್ಕದ ಪುಸ್ತಕ ಕಂಪನಿಯ ಕೈಗೆ

ಕೊನೆಕೊಯ್ಲು ಮುಗಿದು, ಮಂಡಿಯಲ್ಲಿ ಲೆಕ್ಕ ಚುಕ್ತಾ ಆದಮೇಲೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹೊಸ ಗಾಡಿಯ ಮಾತು ಶುರುವಾಗುತ್ತದೆ. ಅಡಿಕೆ ಧಾರಣೆ ಚೆನ್ನಾಗಿದ್ದ ವರ್ಷ ಕಾರು, ಇಲ್ಲದ ವರ್ಷ ಇದ್ದ ಗಾಡಿಗೇ ಹೊಸ ಟೈರು. ಶೋರೂಮಿನ ಮೆಟ್ಟಿಲು ಹತ್ತಿದವರಿಗೆ ಮೊದಲು ಎದುರಾಗುವುದು ಸೇಲ್ಸ್ ಹುಡುಗನ ಕೈಯಲ್ಲಿರುವ ಟ್ಯಾಬ್. ಹೆಸರು, ಊರು, ಮೊಬೈಲ್ ನಂಬರು, ಈಗ ಯಾವ ಗಾಡಿ ಇದೆ, ಯಾವಾಗ ಕೊಳ್ಳುವ ಯೋಚನೆ, ಸಾಲ ಬೇಕೆ, ಹಳೆಯದನ್ನು ಕೊಟ್ಟುಬಿಡುತ್ತೀರಾ ಎಂದು ಕೇಳುತ್ತ ಅವನು ಒತ್ತುತ್ತ ಹೋಗುತ್ತಾನೆ. ಓಟಿಪಿ ಬರುತ್ತದೆ, ಹೇಳುತ್ತೇವೆ. ಆಮೇಲೆ ಕಾರಿನ ಬಾಗಿಲು ತೆರೆದು ತೋರಿಸುತ್ತಾರೆ.

ಹೇಳಿದ್ದೆಲ್ಲ ಎಲ್ಲಿಗೆ ಹೋಯಿತು? ಶೋರೂಮಿನ ಮಾಲೀಕರ ಹತ್ತಿರ ಇರುತ್ತದೆ ಎಂದೇ ನಾವು ತಿಳಿದಿರುತ್ತೇವೆ. ಅವರು ಪರಿಚಯದವರು, ಮದುವೆ ಮುಂಜಿಯಲ್ಲಿ ಸಿಗುವವರು, ಗಾಡಿ ಕೆಟ್ಟರೆ ನೇರ ಫೋನು ಮಾಡಬಹುದಾದವರು. ಆದರೆ ಮಾಹಿತಿ ಕೂರುವುದು ಕಾರು ತಯಾರಿಸುವ ಕಂಪನಿ ಗೊತ್ತುಮಾಡಿದ ತಂತ್ರಾಂಶದಲ್ಲಿ, ದೂರದ ಯಾವುದೋ ಸರ್ವರಿನಲ್ಲಿ. ಆ ತಂತ್ರಾಂಶವನ್ನು ಡೀಲರ್ ಆರಿಸಿರುವುದಿಲ್ಲ. ಅದನ್ನು ನಡೆಸುವವರ ಜೊತೆ ಅವರು ಚೌಕಾಶಿ ಮಾಡಿರುವುದಿಲ್ಲ, ಎಷ್ಟೋ ಸಲ ಅವರ ಮುಖವನ್ನೂ ನೋಡಿರುವುದಿಲ್ಲ. ಅದರ ಬಾಡಿಗೆ ಮಾತ್ರ ಡೀಲರನ ಖಾತೆಯಿಂದ ಹೋಗುತ್ತದೆ.

ವಾಹನ ವ್ಯಾಪಾರದಲ್ಲಿ ಇದಕ್ಕೆ ಡಿಎಂಎಸ್ ಎನ್ನುತ್ತಾರೆ, ಡೀಲರ್ ಮ್ಯಾನೇಜ್‌ಮೆಂಟ್ ಸಿಸ್ಟಮ್. ಕಂಪನಿಗೆ ಗಾಡಿ ಆರ್ಡರ್ ಹಾಕುವುದು, ಬಿಲ್ಲು, ಸರ್ವಿಸಿಗೆ ಬಂದ ಗಾಡಿಯ ಜಾಬ್ ಕಾರ್ಡ್, ಬಿಡಿಭಾಗದ ದಾಸ್ತಾನು, ವಾರಂಟಿ ಕ್ಲೇಮು ಎಲ್ಲವೂ ಅದರೊಳಗೇ ಹಾದುಹೋಗಬೇಕು. ಇದರಲ್ಲಿ ಕೆಲವಕ್ಕೆ ನ್ಯಾಯವಾದ ಕಾರಣವಿದೆ. ವಾರಂಟಿ ದುಡ್ಡು ಕೊಡುವುದು ಕಂಪನಿ, ಆದ್ದರಿಂದ ಯಾವ ಗಾಡಿಗೆ ಯಾವ ಭಾಗ ಬದಲಾಯಿಸಿದರು ಎಂದು ಅದಕ್ಕೆ ಗೊತ್ತಾಗಲೇಬೇಕು. ಸುರಕ್ಷತೆಯ ದೋಷ ಕಂಡು ಗಾಡಿಗಳನ್ನು ವಾಪಸು ಕರೆಸಬೇಕಾದಾಗ ಮಾಲೀಕರ ವಿಳಾಸ ತಕ್ಷಣ ಸಿಗಬೇಕು. ತಕರಾರು ಇರುವುದು ಅದರ ಬೆನ್ನಿಗೆ ಬಂದು ಕೂತಿರುವ ಉಳಿದವುಗಳ ಬಗ್ಗೆ. ಶೋರೂಮಿನ ವೆಬ್‌ಸೈಟನ್ನು ಇಂಥವರೇ ಮಾಡಬೇಕು, ವಿಚಾರಿಸಿದವರ ಪಟ್ಟಿಯನ್ನು ಇಂಥ ಆ್ಯಪಿನಲ್ಲೇ ಇಡಬೇಕು, ಫೋನು ಕರೆ ಇಂಥ ಕಂಪನಿಯ ಮೂಲಕವೇ ಹೋಗಬೇಕು, ವಾಟ್ಸ್‌ಆ್ಯಪ್ ಸಂದೇಶ ಇಂಥವರಿಂದಲೇ ಕಳಿಸಬೇಕು ಎಂಬ ಕಟ್ಟಳೆಗಳಿಗೆ ವಾರಂಟಿಯ ಸಮರ್ಥನೆ ಸಾಲುವುದಿಲ್ಲ. ಅದೇ ಕೆಲಸವನ್ನು ಶಿವಮೊಗ್ಗದ ಒಬ್ಬ ಇಂಜಿನಿಯರಿಂಗ್ ಪದವೀಧರೆ ಕಡಿಮೆ ದುಡ್ಡಿಗೆ, ಕನ್ನಡದಲ್ಲಿ ಮಾಡಿಕೊಡಬಲ್ಲಳು. ಅವಳಿಗೆ ಆ ಬಾಗಿಲು ತೆರೆಯುವುದೇ ಇಲ್ಲ.

ತಾಲ್ಲೂಕು ಕೇಂದ್ರದಲ್ಲಿ ಈ ಹೊರೆ ಇನ್ನೂ ಹೆಚ್ಚು. ಸಾಗರದಂಥ ಊರಲ್ಲಿರುವುದು ಹೆಚ್ಚಾಗಿ ಶಿವಮೊಗ್ಗದ ಅಥವಾ ಕರಾವಳಿಯ ದೊಡ್ಡ ಡೀಲರುಗಳ ಶಾಖೆ, ಇಲ್ಲವೇ ಸಬ್ ಡೀಲರ್. ದಿನಕ್ಕೆ ಹತ್ತಾರು ಗಾಡಿ ಮಾರುವ ಮಹಾನಗರದ ಮಳಿಗೆಗೆ ತಿಂಗಳ ಬಾಡಿಗೆ ಲೆಕ್ಕಕ್ಕೇ ಬರುವುದಿಲ್ಲ. ಆಷಾಢದ ಮಳೆಯಲ್ಲಿ ಕೈಕಟ್ಟಿ ಕೂರುವ ಮಲೆನಾಡಿನ ಮಳಿಗೆಗೆ ಬರುತ್ತದೆ. ಕೆಲಸವೂ ಎರಡೆರಡು ಸಲ. ಮೊದಲು ಕಂಪನಿಯ ಡಿಎಂಎಸ್‌ನಲ್ಲಿ ಬಿಲ್ಲು, ಆಮೇಲೆ ಅದನ್ನೇ ಆಡಿಟರಿಗಾಗಿ, ಜಿಎಸ್‌ಟಿಗಾಗಿ, ಬ್ಯಾಂಕಿನ ಸಾಲದ ಲೆಕ್ಕಕ್ಕಾಗಿ ಬೆಂಗಳೂರಿನ ಟ್ಯಾಲಿ ತಂತ್ರಾಂಶದಲ್ಲಿ ಮತ್ತೆ ಏರಿಸುವುದು. ಎರಡೂ ಒಂದಕ್ಕೊಂದು ಮಾತಾಡುವ ಹಾಗಿದ್ದರೆ ಲೆಕ್ಕದ ಮೇಜಿನ ಅರ್ಧ ದಿನ ಉಳಿಯುತ್ತದೆ. ಮಾತಾಡಲು ಬಿಡಬೇಕೋ ಬೇಡವೋ ಎಂಬುದು ಡೀಲರನ ಕೈಯಲ್ಲಿಲ್ಲ.

ಇದಕ್ಕೆ ನೆಟ್‌ವರ್ಕ್ ಸೇರಿಸಿ ನೋಡಬೇಕು. 2021ರಲ್ಲಿ ಹೊಸನಗರ, ಸಾಗರ ತಾಲ್ಲೂಕುಗಳ ಹಳ್ಳಿಗಳಿಂದ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂಬ ಕೂಗು ಎದ್ದಿತ್ತು. ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಗುಡ್ಡ ಹತ್ತುತ್ತಿದ್ದ ಕಾಲ ಅದು. ಶರಾವತಿ ಹಿನ್ನೀರಿನ ಆಚೆಯ ಕರೂರು, ಬಾರಂಗಿ ಹೋಬಳಿಗಳ ಜನ ಕಾರನ್ನು ಲಾಂಚಿಗೆ ಏರಿಸಿ ದಾಟಿಸುತ್ತಿದ್ದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಇಂಥ ಸೀಮೆಯಲ್ಲಿ ಮೊಬೈಲ್ ಸರ್ವಿಸ್ ವ್ಯಾನು ಒಂದು ಮನೆಯ ಅಂಗಳಕ್ಕೆ ಹೋದರೆ ಅಲ್ಲಿ ಆ್ಯಪ್ ತೆರೆಯುವುದಿಲ್ಲ. ನೆಟ್ ಇಲ್ಲದೆ ಬರೆದಿಟ್ಟುಕೊಂಡು, ಸಿಗ್ನಲ್ ಬಂದಾಗ ತಾನಾಗಿ ಕಳಿಸುವ ತಂತ್ರಾಂಶಗಳಿವೆ. ಹುಲಿಕಲ್ ಘಾಟಿಯ ಬುಡದಲ್ಲಿ ನಿಂತು ಜಾಬ್ ಕಾರ್ಡ್ ಬರೆಯುವವನಿಗೆ ಅಂಥದ್ದೇ ಬೇಕು. ಗುರುಗ್ರಾಮದಲ್ಲೋ ಚೆನ್ನೈಯಲ್ಲೋ ಕೂತು ದೇಶಕ್ಕೆಲ್ಲ ಒಂದೇ ಆ್ಯಪ್ ಆರಿಸುವವರಿಗೆ ಹುಲಿಕಲ್ಲಿನ ಮಳೆ ಕಾಣುವುದಿಲ್ಲ. ಆದ್ದರಿಂದಲೇ ಈ ಆಯ್ಕೆಯನ್ನು ಬರಿಯ ವ್ಯಾಪಾರಿಗಳ ಒಳಜಗಳ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಸರ್ವಿಸು ತಡವಾದರೆ ಕಾಯುವವನು ತೋಟದ ಮಾಲೀಕ.

ಕಾನೂನು ಏನು ಹೇಳುತ್ತದೆ? ವಾಹನ ಡೀಲರನ ಹಕ್ಕುಗಳನ್ನು ಕಾಪಾಡುವ ಪ್ರತ್ಯೇಕ ಕಾಯ್ದೆ ಭಾರತದಲ್ಲಿಲ್ಲ. ಡೀಲರ್ ಮತ್ತು ಕಂಪನಿಯ ನಡುವೆ ಇರುವುದು ಒಂದು ಒಪ್ಪಂದ. ಅದನ್ನು ಬರೆಯುವುದು ಕಂಪನಿ, ಸಹಿ ಹಾಕುವುದು ಡೀಲರ್. ಕಂಪನಿ ಹೇಳಿದ ವ್ಯವಸ್ಥೆಗಳನ್ನು ಅಳವಡಿಸಿಕೊಳ್ಳತಕ್ಕದ್ದು ಎಂಬ ಒಂದು ಸಾಲು ಅದರಲ್ಲಿದ್ದರೆ ಮುಂದಿನ ಹತ್ತು ಆ್ಯಪುಗಳಿಗೂ ಅದೇ ಪರವಾನಗಿ. ಈ ಒಪ್ಪಂದದ ಹೊರಗೆ ಡೀಲರನಿಗೆ ಉಳಿದಿರುವ ಮುಖ್ಯ ದಾರಿ 2002ರ ಸ್ಪರ್ಧಾ ಕಾಯ್ದೆ.

ಆ ಕಾಯ್ದೆಯ 3ನೇ ಕಲಂನ 4ನೇ ಉಪಕಲಂ ತಯಾರಕ ಮತ್ತು ಮಾರಾಟಗಾರರಂಥ ಬೇರೆಬೇರೆ ಹಂತದವರ ನಡುವಿನ ಒಪ್ಪಂದಗಳಿಗೆ ಸಂಬಂಧಿಸಿದ್ದು. ಒಂದು ವಸ್ತು ಬೇಕಿದ್ದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎಂದು ಗಂಟುಹಾಕುವುದು, ನಮ್ಮದನ್ನು ಬಿಟ್ಟು ಬೇರೆಯವರದನ್ನು ಮುಟ್ಟಬಾರದು ಎನ್ನುವುದು, ಇಷ್ಟೇ ಬೆಲೆಗೆ ಮಾರಬೇಕು ಎಂದು ಕಟ್ಟುಹಾಕುವುದು ಅದರಲ್ಲಿ ಬರುತ್ತವೆ. 2023ರವರೆಗೆ ಈ ಗಂಟುಹಾಕುವಿಕೆಯ ವಿವರಣೆಯಲ್ಲಿ ಇದ್ದದ್ದು ಸರಕು ಮಾತ್ರ. ಸರಕಿನ ಜೊತೆ ಸರಕು. ತಂತ್ರಾಂಶದ ತಿಂಗಳ ಚಂದಾ ಸರಕೋ ಸೇವೆಯೋ ಎಂದು ವಕೀಲರು ವಾದಿಸುತ್ತ ಕೂರಬಹುದಿತ್ತು. 2023ರ ತಿದ್ದುಪಡಿ ‘ಸರಕು ಅಥವಾ ಸೇವೆ’ ಎಂದು ವಿಸ್ತರಿಸಿತು. ಪತ್ರಿಕೆಗಳಲ್ಲಿ ಆಗ ಚರ್ಚೆಯಾದದ್ದು ಜಾಗತಿಕ ವಹಿವಾಟಿನ ಮೇಲೆ ದಂಡ ಹಾಕುವ ಹೊಸ ಅಧಿಕಾರದ ಬಗ್ಗೆ. ಡೀಲರನ ಮಟ್ಟಿಗೆ ಹೆಚ್ಚಿನದು ಈ ಸಣ್ಣ ಬದಲಾವಣೆ. ಕಾರು ಕೊಡಬೇಕಾದರೆ ಈ ವೆಬ್‌ಸೈಟ್ ಸೇವೆಯನ್ನೂ ಕೊಳ್ಳಬೇಕು ಎಂಬ ಷರತ್ತನ್ನು ಈಗ ಕಾಯ್ದೆಯ ಮಾತಿನಲ್ಲೇ ಪ್ರಶ್ನಿಸಬಹುದು.

ಆದರೆ ಪ್ರಶ್ನಿಸಿದರೆ ಸಾಲದು. ಇಂಥ ಷರತ್ತು ತಾನಾಗಿ ಅಕ್ರಮವಾಗುವುದಿಲ್ಲ. ಅದರಿಂದ ಮಾರುಕಟ್ಟೆಯ ಸ್ಪರ್ಧೆಗೆ ಗಣನೀಯ ಪೆಟ್ಟು ಬಿದ್ದಿದೆ ಎಂದು ತೋರಿಸಬೇಕು. ದೆಹಲಿಯ ಸ್ಪರ್ಧಾ ಆಯೋಗದ ಮುಂದೆ, ತನಗೆ ನಾಳೆ ಗಾಡಿ ಕಳಿಸಬೇಕಾದ ಕಂಪನಿಯ ವಿರುದ್ಧ, ಒಬ್ಬ ಡೀಲರ್ ಅದನ್ನು ತೋರಿಸಬೇಕು.

ಅದು ಎಷ್ಟು ಕಷ್ಟ ಎಂಬುದಕ್ಕೆ ಮಾರುತಿ ಸುಜುಕಿ ಪ್ರಕರಣ ಸಾಕ್ಷಿ. 2017ರಲ್ಲಿ ಆಯೋಗಕ್ಕೆ ಒಂದು ಇಮೇಲ್ ಬಂತು. ಬರೆದವರು ತಾವು ಮಾರುತಿ ಡೀಲರ್ ಎಂದಷ್ಟೇ ಹೇಳಿಕೊಂಡಿದ್ದರು, ಹೆಸರಿರಲಿಲ್ಲ. ಡೀಲರ್ ತನ್ನ ಲಾಭದಲ್ಲೇ ಗಿರಾಕಿಗೆ ಹೆಚ್ಚು ರಿಯಾಯಿತಿ ಕೊಟ್ಟರೂ ಕಂಪನಿ ದಂಡ ಹಾಕುತ್ತದೆ ಎಂಬುದು ದೂರು. ಆಯೋಗ ತಾನಾಗಿ ವಿಚಾರಣೆ ನಡೆಸಿ 2021ರ ಆಗಸ್ಟಿನಲ್ಲಿ 200 ಕೋಟಿ ರೂಪಾಯಿ ದಂಡ ವಿಧಿಸಿತು. ಆ ಆದೇಶದಲ್ಲಿ ನಮ್ಮ ವಿಷಯಕ್ಕೆ ತೀರ ಹತ್ತಿರದ ಒಂದು ಭಾಗವಿದೆ. ಕಂಪನಿ ಹೊರಗಿನ ಏಜೆನ್ಸಿಗಳನ್ನು ಗೊತ್ತುಮಾಡಿತ್ತು. ಅವರ ಜನ ಗಿರಾಕಿಯ ವೇಷದಲ್ಲಿ ಶೋರೂಮಿಗೆ ಬಂದು, ರಿಯಾಯಿತಿ ಕೇಳಿ, ಮಾತನ್ನು ರೆಕಾರ್ಡ್ ಮಾಡಿಕೊಂಡು ವರದಿ ಕೊಡುತ್ತಿದ್ದರು. ಸಿಕ್ಕಿಬಿದ್ದರೆ ಡೀಲರನಿಗೂ ಅವನ ನೌಕರರಿಗೂ ದಂಡ. ದಂಡದ ಹಣವನ್ನು ಎಲ್ಲಿ ಕಟ್ಟಬೇಕೆಂಬುದನ್ನೂ ಕಂಪನಿಯೇ ಹೇಳುತ್ತಿತ್ತು ಎಂದು ಆಯೋಗ ಬರೆದಿದೆ. ಕಂಪನಿ ಮೇಲ್ಮನವಿ ಹೋಯಿತು, ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ ಅದೇ ನವೆಂಬರಿನಲ್ಲಿ ದಂಡಕ್ಕೆ ತಡೆ ಕೊಟ್ಟಿತು. ಹೆಸರು ಹಾಕದ ಒಂದು ಇಮೇಲಿನಿಂದ ಆದೇಶದವರೆಗೆ ನಾಲ್ಕು ವರ್ಷ. ಹೆಸರು ಹಾಕದೆ ಬರೆಯಬೇಕಾಯಿತು ಎಂಬುದೇ ನನ್ನನ್ನು ಹೆಚ್ಚು ಕಾಡುವ ಸಂಗತಿ.

ಹ್ಯುಂಡೈ ವಿರುದ್ಧ ಡೀಲರುಗಳು ಹೆಸರು ಹಾಕಿಯೇ ಹೋದರು. ರಿಯಾಯಿತಿಗೆ ಕಡಿವಾಣ, ಇಂಥದೇ ಎಂಜಿನ್ ಆಯಿಲ್ ಬಳಸಬೇಕೆಂಬ ಕಟ್ಟು ಇವೆಲ್ಲ ಅವರ ದೂರಿನಲ್ಲಿದ್ದವು. ಆಯೋಗ 2017ರ ಜೂನಿನಲ್ಲಿ 87 ಕೋಟಿ ದಂಡ ಹಾಕಿತು. 2018ರ ಸೆಪ್ಟೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆ ಆದೇಶವನ್ನೇ ರದ್ದು ಮಾಡಿತು. ಆಯೋಗ ತನಿಖಾ ವರದಿಯನ್ನು ನೆಚ್ಚಿಕೊಂಡಿದೆ, ಸಾಕ್ಷ್ಯವನ್ನು ತಾನಾಗಿ ತೂಗಿ ನೋಡಿಲ್ಲ ಎಂಬುದು ಕಾರಣ. ಎಂಜಿನ್ ಆಯಿಲಿನ ಬದಲು ಆ್ಯಪ್ ಎಂದು ಓದಿಕೊಂಡರೆ ನಾಳೆಯ ಮೊಕದ್ದಮೆಯ ಹಾದಿ ಕಾಣುತ್ತದೆ.

ಇದಕ್ಕೂ ಹಿಂದಿನ, ಇನ್ನೂ ದೊಡ್ಡ ತೀರ್ಪು ಶಂಷೇರ್ ಕಟಾರಿಯಾ ಪ್ರಕರಣದ್ದು. 2011ರಲ್ಲಿ ಮೂರು ಕಂಪನಿಗಳ ಮೇಲೆ ಬಂದ ದೂರು ಬೆಳೆಯುತ್ತ ಹೋಗಿ, 2014ರ ಆಗಸ್ಟ್ 25ರಂದು ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕೂಡ ಆ ಪಟ್ಟಿಯಲ್ಲಿತ್ತು. ಬಿಡಿಭಾಗಗಳನ್ನು, ದೋಷ ಹುಡುಕುವ ಉಪಕರಣಗಳನ್ನು, ತಾಂತ್ರಿಕ ಕೈಪಿಡಿಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದೇ ತಪ್ಪು ಎಂದು ಆಯೋಗ ಹೇಳಿತು. ತೀರ್ಥಹಳ್ಳಿಯ ಒಬ್ಬ ಮೆಕ್ಯಾನಿಕ್‌ಗೆ ಇಂದಿನ ಕಾರಿನ ಬಾನೆಟ್ ಎತ್ತಿದರೆ ಸಾಲದು, ಅದರೊಳಗಿನ ಕಂಪ್ಯೂಟರಿಗೆ ಕೈಹಾಕಲು ಅನುಮತಿ ಬೇಕು. ಆ ಅನುಮತಿ ಕೊಡದಿರುವುದೂ ಸ್ಪರ್ಧೆಗೆ ಅಡ್ಡಿ ಎಂದು ಭಾರತದಲ್ಲಿ ಗುರುತಿಸಿದ್ದು ಈ ಪ್ರಕರಣದಲ್ಲಿ. ದಂಡದ ಜಗಳ ಮೇಲಿನ ಕೋರ್ಟುಗಳಿಗೆ ಹೋಗಿ ವರ್ಷಗಟ್ಟಲೆ ಎಳೆಯಿತಾದರೂ ಆ ತತ್ವ ಉಳಿದಿದೆ.

ಡೀಲರುಗಳ ಒಕ್ಕೂಟ ಫಾಡಾ ಬಹುಕಾಲದಿಂದ ಕೇಳುತ್ತಿರುವುದು ಫ್ರಾಂಚೈಸಿ ರಕ್ಷಣಾ ಕಾಯ್ದೆ. ಜನರಲ್ ಮೋಟರ್ಸ್ 2017ರಲ್ಲಿ ಭಾರತದ ಮಾರಾಟ ನಿಲ್ಲಿಸಿತು, ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಸಾಲ ಮಾಡಿ ಗಾಜಿನ ಮಳಿಗೆ ಕಟ್ಟಿದವರು ಒಂದು ಬೆಳಿಗ್ಗೆ ಸುದ್ದಿ ಓದಿ ತಿಳಿಯಬೇಕಾಯಿತು. ಫೋರ್ಡ್ ಘೋಷಣೆಗೂ ಮೊದಲು, 2020ರ ಡಿಸೆಂಬರಿನಲ್ಲಿ, ಕೈಗಾರಿಕೆ ಕುರಿತ ಸಂಸದೀಯ ಸ್ಥಾಯಿ ಸಮಿತಿ ಇಂಥ ಕಾಯ್ದೆ ಬೇಕು ಎಂದು ಶಿಫಾರಸು ಮಾಡಿತ್ತು. ಕಾಯ್ದೆ ಬರಲಿಲ್ಲ. ಬಂದರೂ ಚರ್ಚೆ ಕಟ್ಟಡ, ದಾಸ್ತಾನು, ಪರಿಹಾರಗಳ ಸುತ್ತಲೇ ನಿಲ್ಲುವ ಭಯ ನನಗಿದೆ. ಕಂಪನಿ ದೇಶ ಬಿಟ್ಟು ಹೋದ ದಿನ ಡೀಲರನ ಹತ್ತಿರ ಕಟ್ಟಡವಾದರೂ ಉಳಿಯುತ್ತದೆ. ಹತ್ತು ವರ್ಷ ತನ್ನಲ್ಲಿ ಗಾಡಿ ಕೊಂಡವರ, ಸರ್ವಿಸ್ ಮಾಡಿಸಿದವರ ದಾಖಲೆ ಕಂಪನಿಯ ಡಿಎಂಎಸ್‌ನಲ್ಲೇ ಇದ್ದರೆ, ಲಾಗಿನ್ ಮುಚ್ಚಿದ ಗಳಿಗೆಯಲ್ಲಿ ಅದೂ ಮುಚ್ಚಿತು. ಇನ್ನೊಂದು ಕಂಪನಿಯ ಡೀಲರ್‌ಶಿಪ್ ಹಿಡಿದು ಬದುಕಲು ಅವನಿಗೆ ಮೊದಲು ಬೇಕಾಗುವುದು ಆ ಪಟ್ಟಿಯೇ.

ಅಮೆರಿಕದಲ್ಲಿ ಈ ಜಗಳ ಬೇಗ ಮಾಗಿತು. ಅಲ್ಲಿ 1956ರಲ್ಲೇ ಡೀಲರುಗಳು ಕಂಪನಿಯನ್ನು ಕೋರ್ಟಿಗೆ ಎಳೆಯಲು ಅವಕಾಶ ಕೊಡುವ ಕೇಂದ್ರ ಕಾಯ್ದೆ ಬಂತು, ರಾಜ್ಯಗಳು ತಮ್ಮದೇ ಫ್ರಾಂಚೈಸಿ ಕಾನೂನು ಮಾಡಿಕೊಂಡವು. 2019ರಲ್ಲಿ ಅರಿಜೋನಾ ರಾಜ್ಯ ಡೀಲರನ ದತ್ತಾಂಶಕ್ಕಾಗಿಯೇ ಒಂದು ಕಾನೂನು ತಂದಿತು. ಡೀಲರ್ ತನ್ನ ದಾಖಲೆಯನ್ನು ತಾನು ನಂಬುವ ಬೇರೆ ಸೇವೆಯವರಿಗೆ ಕೊಡುವುದನ್ನು ಡಿಎಂಎಸ್ ಕಂಪನಿ ತಡೆಯುವಂತಿಲ್ಲ, ಅದಕ್ಕೆ ಬೇಕಾದ ತಾಂತ್ರಿಕ ಬಾಗಿಲನ್ನು ತೆರೆದಿಡಬೇಕು. ಡಿಎಂಎಸ್ ಕಂಪನಿಗಳು ಮೊಕದ್ದಮೆ ಹೂಡಿದವು. 2021ರ ಅಕ್ಟೋಬರಿನಲ್ಲಿ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ ಆ ಕಾನೂನಿಗೆ ತಡೆ ಕೊಡಲು ನಿರಾಕರಿಸಿತು. ಎಲ್ಲರೂ ಒಂದೇ ಕಂಬಕ್ಕೆ ಕಟ್ಟಿಕೊಂಡರೆ ಏನಾಗುತ್ತದೆ ಎಂಬುದೂ ಅಲ್ಲೇ ಗೊತ್ತಾಯಿತು. 2024ರ ಜೂನಿನಲ್ಲಿ ಸಿಡಿಕೆ ಗ್ಲೋಬಲ್ ಎಂಬ ಡಿಎಂಎಸ್ ಕಂಪನಿಯ ಮೇಲೆ ಸೈಬರ್ ದಾಳಿಯಾಗಿ ಅಮೆರಿಕ, ಕೆನಡಾಗಳ ಸುಮಾರು 15,000 ಡೀಲರ್ ಮಳಿಗೆಗಳ ವ್ಯವಹಾರ ಅಸ್ತವ್ಯಸ್ತವಾಯಿತು. ಎರಡು ವಾರದ ಹತ್ತಿರ ಅವರು ಕಾಗದದ ಬಿಲ್ ಪುಸ್ತಕದಲ್ಲಿ ಬರೆದರು.

ಪರಿಹಾರಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ನಮ್ಮ ಜಿಎಸ್‌ಟಿಯಲ್ಲೇ ಮಾದರಿ ಇದೆ. ಐದು ಕೋಟಿ ರೂಪಾಯಿ ಮೀರಿದ ವಹಿವಾಟಿನ ವ್ಯಾಪಾರಿ ತನ್ನಂಥ ವ್ಯಾಪಾರಿಗೆ ಕೊಡುವ ಬಿಲ್ಲಿಗೆ ಇ–ಇನ್‌ವಾಯ್ಸ್ ಮಾಡಬೇಕು. ಬಿಲ್ಲಿನಲ್ಲಿ ಯಾವ ಯಾವ ವಿವರ, ಯಾವ ರೂಪದಲ್ಲಿ ಇರಬೇಕು ಎಂದು ಸರ್ಕಾರ ಕರಾರುವಾಕ್ಕಾಗಿ ಹೇಳುತ್ತದೆ. ಅದನ್ನು ಯಾವ ತಂತ್ರಾಂಶದಲ್ಲಿ ತಯಾರಿಸುತ್ತೀರಿ ಎಂದು ಕೇಳುವುದಿಲ್ಲ. ಬಿಲ್ಲು ನೋಂದಣಿಯ ಪೋರ್ಟಲ್ ಕೂಡ ಮೊದಲು ಸರ್ಕಾರದ ಎನ್‌ಐಸಿಯದು ಒಂದೇ ಇದ್ದದ್ದು, 2023ರಿಂದ ಖಾಸಗಿಯವರದೂ ಸೇರಿ ಹಲವು ಆಗಿವೆ, ವ್ಯಾಪಾರಿ ಆರಿಸಿಕೊಳ್ಳಬಹುದು. ದೇಶದ ತೆರಿಗೆಯನ್ನೇ ಹೀಗೆ ನಡೆಸಬಹುದಾದರೆ ಎಂಜಿನ್ ಆಯಿಲ್ ಬದಲಾಯಿಸಿದ ದಾಖಲೆಯನ್ನು ನಡೆಸಲಾಗದೆ? ಕಾರು ಕಂಪನಿ ವಿವರದ ರೂಪವನ್ನು, ಭದ್ರತೆಯ ಮಟ್ಟವನ್ನು ನಿಗದಿ ಮಾಡಲಿ. ಆ ಮಟ್ಟ ಮುಟ್ಟುವ ತಂತ್ರಾಂಶ ಬೆಂಗಳೂರಿನದೋ ಶಿವಮೊಗ್ಗದ್ದೋ ಎಂಬುದು ಡೀಲರನಿಗಿರಲಿ. ಒಂದೇ ಕೈಯಲ್ಲಿದ್ದರೆ ಭದ್ರತೆ ಹೆಚ್ಚು ಎಂಬುದು ಕಂಪನಿಗಳ ವಾದ. ಸಿಡಿಕೆ ಪ್ರಕರಣದ ನಂತರ ಆ ವಾದವನ್ನು ಪರೀಕ್ಷಿಸದೆ ಒಪ್ಪುವುದು ಕಷ್ಟ.

ಅಳತೆಯ ಪಾತ್ರೆ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ ಈ ಮಣ್ಣಿಗೆ ಹೊಸದಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಮೊದಲ ತಕರಾರುಗಳಲ್ಲೊಂದು ಗೇಣಿ ಭತ್ತ ಅಳೆಯುವ ಕೊಳಗದ್ದು. ಒಡೆಯರ ಮನೆಯ ಕೊಳಗ ದೊಡ್ಡದಿತ್ತು. ಎಲ್ಲರಿಗೂ ಒಂದೇ ಗಾತ್ರದ ಕೊಳಗ ಬೇಕು ಎಂದು ಎಚ್. ಗಣಪತಿಯಪ್ಪ ಮತ್ತು ರೈತ ಸಂಘದವರು ಕೇಳಿದರು. ಕಾರು ಡೀಲರನನ್ನು ಆ ಬಡ ಗೇಣಿದಾರನ ಜೊತೆ ಸಮ ಮಾಡಿದರೆ ಕಾಗೋಡಿಗೆ ಅಪಚಾರವಾದೀತು, ಅದು ನನ್ನ ಉದ್ದೇಶವಲ್ಲ. ಆದರೆ ಡೀಲರ್ ಎಷ್ಟು ಮಾರಿದ, ಎಷ್ಟು ಟಾರ್ಗೆಟ್ ಮುಟ್ಟಿದ, ಎಷ್ಟು ಪ್ರೋತ್ಸಾಹಧನಕ್ಕೆ ಅರ್ಹ ಎಂದು ಅಳೆಯುವುದು ಡಿಎಂಎಸ್. ಅದು ಪೂರ್ತಿ ಒಂದು ಪಕ್ಷದ ಕೈಯಲ್ಲಿದ್ದಾಗ ಇನ್ನೊಂದು ಪಕ್ಷ ಲೆಕ್ಕ ತಾಳೆ ನೋಡುವುದು ಯಾವುದರ ಜೊತೆ?

ಈ ಪ್ರಶ್ನೆಗೆ ಈಗ ಗಡುವೂ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಗಿರಾಕಿಯ ಮಾಹಿತಿಯನ್ನು ಯಾವ ಉದ್ದೇಶಕ್ಕೆ, ಹೇಗೆ ಬಳಸಬೇಕೆಂದು ತೀರ್ಮಾನಿಸುವವರ ಮೇಲೆ ಹೊಣೆ ಹೊರಿಸುತ್ತದೆ. ಅವರ ಪರವಾಗಿ ಮಾಹಿತಿ ಸಂಸ್ಕರಿಸುವ ಸೇವೆಯವರು ತಪ್ಪು ಮಾಡಿದರೂ, ಒಪ್ಪಂದದಲ್ಲಿ ಏನೇ ಬರೆದಿದ್ದರೂ, ಉತ್ತರ ಹೇಳಬೇಕಾದವರು ಹಾಗೆ ತೀರ್ಮಾನಿಸಿದವರೇ. ಸಾಕಷ್ಟು ಭದ್ರತೆ ಇಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಸೇವೆಯವರನ್ನು ಗೊತ್ತುಮಾಡಿಕೊಳ್ಳುವುದು ಸಿಂಧುವಾದ ಒಪ್ಪಂದದ ಮೂಲಕವೇ ಆಗಬೇಕು ಎಂದೂ ಕಾಯ್ದೆ ಹೇಳುತ್ತದೆ. ಸಾಗರದ ಶೋರೂಮಿನಲ್ಲಿ ಮಾಹಿತಿ ಕೇಳಿ ಪಡೆದವನು ಡೀಲರ್. ಆ್ಯಪ್ ಗೊತ್ತುಮಾಡಿದ್ದು ಕಂಪನಿ. ಸೇವೆಯವರ ಒಪ್ಪಂದ ಇರುವುದು ಹಲವು ಸಲ ಕಂಪನಿಯ ಜೊತೆ. ಪಟ್ಟಿ ಸೋರಿಹೋಗಿ, ಆನಂದಪುರದ ಅಜ್ಜಿಗೆ ಸಾಲದ ಹೆಸರಲ್ಲಿ ವಂಚಕರ ಫೋನು ಬಂದರೆ ಅವರ ಮಗ ನೇರ ಹೋಗುವುದು ಶೋರೂಮಿಗೆ. ತಾನು ಆರಿಸದ, ತಪಾಸಣೆ ಮಾಡಲಾಗದ ವ್ಯವಸ್ಥೆಗೆ ಡೀಲರ್ ಅಲ್ಲಿ ನಿಂತು ಉತ್ತರ ಹೇಳಬೇಕು. ಕಂಪನಿಯೂ ಡೀಲರೂ ಸೇರಿ ಉದ್ದೇಶ ತೀರ್ಮಾನಿಸಿದ್ದರೆ ಇಬ್ಬರ ಮೇಲೂ ಹೊಣೆ ಬರುತ್ತದೆ ಎಂದು ಕಾಯ್ದೆಯ ವ್ಯಾಖ್ಯೆಯಿಂದ ವಾದಿಸಬಹುದು. ವಾದಿಸುವ ಪ್ರಮೇಯ ಬರುವುದು ಸೋರಿಕೆ ಆದಮೇಲೆ. ಹೊಣೆ ಕೊಟ್ಟ ಕಾನೂನು ಆಯ್ಕೆಯನ್ನೂ ಕೊಡಬೇಕಿತ್ತು, ಆಯ್ಕೆಯನ್ನು ಕಂಪನಿಗೇ ಬಿಡುವುದಾದರೆ ಹೊಣೆಯನ್ನೂ ಸ್ಪಷ್ಟವಾಗಿ ಅದರ ಹೆಗಲಿಗೇ ಹಾಕಬೇಕಿತ್ತು.

ಈ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಕಟ್ಟಳೆಗಳಿಗೆ ಕೊಟ್ಟಿರುವ ಅವಧಿ 18 ತಿಂಗಳು, ಅಂದರೆ 2027ರ ಮೇ ತಿಂಗಳ ಹೊತ್ತಿಗೆ ಎಲ್ಲರೂ ಸಿದ್ಧರಿರಬೇಕು. ಅದಕ್ಕೆ ಮುಂಚೆ ಡೀಲರ್ ಒಪ್ಪಂದಗಳನ್ನು ಹೇಗಿದ್ದರೂ ತಿದ್ದಬೇಕಾಗುತ್ತದೆ. ಶಿವಮೊಗ್ಗ ಜಿಲ್ಲೆಯ ಡೀಲರುಗಳು ಒಬ್ಬೊಬ್ಬರೇ ಕೇಳುವ ಬದಲು ತಮ್ಮ ಒಕ್ಕೂಟದ ಮೂಲಕ ಮೂರು ವಾಕ್ಯಗಳನ್ನು ಅದರಲ್ಲಿ ಬರೆಸಿಕೊಳ್ಳಲು ಈಗಲೇ ಹೊರಡಬೇಕು: ಕಂಪನಿ ಗೊತ್ತುಮಾಡಿದ ಸೇವೆಯವರ ತಪ್ಪಿಗೆ ನಷ್ಟ ಭರಿಸುವುದು ಕಂಪನಿ, ಅದೇ ಗುಣಮಟ್ಟದ ಬೇರೆ ಸೇವೆಯನ್ನು ಡೀಲರ್ ತೋರಿಸಿದರೆ ನಿರಾಕರಿಸಲು ಕಂಪನಿ ಬರಹದಲ್ಲಿ ಕಾರಣ ಕೊಡಬೇಕು, ಡೀಲರ್‌ಶಿಪ್ ಮುಗಿದ ದಿನ ಅವನ ಗಿರಾಕಿಗಳ ದಾಖಲೆಯನ್ನು, ಗಿರಾಕಿಗಳ ಒಪ್ಪಿಗೆಯ ಮಿತಿಯಲ್ಲಿ, ಬೇರೆ ತಂತ್ರಾಂಶದಲ್ಲಿ ತೆರೆಯಲು ಬರುವ ರೂಪದಲ್ಲಿ ಹಿಂದಿರುಗಿಸಬೇಕು. ಮೂರನೆಯದನ್ನು ಕಂಪನಿಗಳು ಸುಲಭಕ್ಕೆ ಒಪ್ಪಲಾರವು. ಅದಕ್ಕಾಗಿ ಸಂಸತ್ತಿನ ಬಾಗಿಲನ್ನೇ ತಟ್ಟಬೇಕಾಗಬಹುದು. ಸ್ಥಾಯಿ ಸಮಿತಿಯ 2020ರ ಶಿಫಾರಸು ಅಲ್ಲಿ ಇನ್ನೂ ಕಾಯುತ್ತಿದೆ.